ರುಚಿ ನೋಡಿ ಕೊಳ್ಳುವ ಆಟ: ಹಳೆಯ ವಿಡಿಯೋ ಗೇಮುಗಳ ಪುಕ್ಕಟೆ ತುಣುಕಿನ ಕಥೆ

ನಮ್ಮ ಜತ್ತ ಭಾಗದ ರೈತರು ದ್ರಾಕ್ಷಿ ಒಣಗಿಸಿ ಬೇದಾಣೆ ಮಾಡಿ ತಾಸಗಾಂವಿಗೋ ಸಾಂಗ್ಲಿಗೋ ಸವಾಲಿಗೆ ಒಯ್ಯುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಲ್ಲಿ ವ್ಯಾಪಾರಿ ಬಾಕ್ಸ್ ಬಿಚ್ಚಿ ಒಂದು ಮುಷ್ಟಿ ತೆಗೀತಾನೆ, ಬಣ್ಣ ನೋಡ್ತಾನೆ, ನಾಕು ಕಾಳು ಬಾಯಿಗೆ ಹಾಕ್ಕೋತಾನೆ, ಆಮೇಲೆ ದರ ಕೂಗ್ತಾನೆ. ಆ ಒಂದು ಮುಷ್ಟಿಗೆ ಯಾವ ರೈತನೂ ರೊಕ್ಕ ಕೇಳೂದಿಲ್ಲ. ರುಚಿ ನೋಡಬ್ಯಾಡ, ಸುಮ್ಮನ ರೊಕ್ಕ ಇಡು ಅಂದರೆ ಸವಾಲೇ ನಡೆಯೂದಿಲ್ಲ.

ಹೋದ ವರ್ಷ ಬೇಸಿಗೆ ರಜೆಗೆ ಬಂದ ನನ್ನ ಮೊಮ್ಮಗ ಕಂಪ್ಯೂಟರಿನ ಮುಂದೆ ಕೂತು, "ಮುತ್ಯಾ, ಒಂದು ಹಳೇ ಗೇಮ್ ತಗೋಬೇಕು, ಐದುನೂರು ರೂಪಾಯಿ ಹಾಕಿಕೊಡು" ಅಂದ. "ಆಡಿ ನೋಡಿಯೇನಪಾ, ಚೊಲೋ ಐತೇನು?" ಅಂದೆ. "ಇದಕ್ಕ ಡೆಮೊ ಇಲ್ಲ ಮುತ್ಯಾ. ತಗೊಂಡ ಮ್ಯಾಲೇ ನೋಡೂದು" ಅಂದ. ಡೆಮೊ ಅಂದರೆ ಏನು ಅಂತ ಕೇಳಿದೆ. ಆಟದ ಒಂದು ತುಣುಕು, ರುಚಿ ನೋಡಲಿಕ್ಕೆ ಪುಕ್ಕಟೆ ಕೊಡೂದು ಅಂತ ಹೇಳಿದ. ಬೇದಾಣೆಗೆ ಇರುವ ರೀತಿ ಈ ಆಟಕ್ಕೆ ಯಾಕಿಲ್ಲ ಅಂತ ನನಗೆ ಅನಿಸಿತು. ಅವನನ್ನೂ ನಮ್ಮ ಸಾಲಿ ಮಾಸ್ತರರನ್ನೂ ಕೂಡಿಸಿಕೊಂಡು ಓದಿಸಿ ಕೇಳಿದೆ. ಕೇಳುತ್ತ ಹೋದ ಹಾಗೆ ಇದು ಹುಡುಗರಾಟದ ಮಾತಷ್ಟೇ ಅಲ್ಲ, ಐವತ್ತು ವರ್ಷದ ಒಂದು ಇತಿಹಾಸ ಅಂತ ತಿಳಿಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಪೆಟ್ಟಿಗೆಯ ಆಟದ ಕಾಲ. 1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಟಾರಿ ಎಂಬ ಹೊಸ ಕಂಪನಿ 'ಪಾಂಗ್' ಎಂಬ ಆಟ ಮಾಡಿತು. ಪರದೆಯ ಎರಡೂ ಕಡೆ ಒಂದೊಂದು ಗೆರೆ, ನಡುವೆ ಪುಟಿಯುವ ಒಂದು ಚುಕ್ಕೆ, ಅಷ್ಟೇ. ನೋಲನ್ ಬುಶ್ನೆಲ್ ಕಂಪನಿಯ ಯಜಮಾನ, ಆಟ ಕಟ್ಟಿದವನು ಆಲ್ ಆಲ್ಕಾರ್ನ್ ಎಂಬ ಎಂಜಿನಿಯರ್. ಸನ್ನಿವೇಲ್ ಊರಿನ ಒಂದು ಸೆರೆ ಅಂಗಡಿಯಲ್ಲಿ ಆ ಪೆಟ್ಟಿಗೆ ಇಟ್ಟರು. ಸ್ವಲ್ಪ ದಿನಕ್ಕೆ ಪೆಟ್ಟಿಗೆ ಕೆಟ್ಟಿತು ಅಂತ ಅಂಗಡಿಯವನು ಹೇಳಿಕಳಿಸಿದ. ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಏನೂ ಕೆಟ್ಟಿರಲಿಲ್ಲ. ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿ, ಮತ್ತೆ ನಾಣ್ಯ ಹಾಕಲಿಕ್ಕೆ ಜಾಗ ಇರಲಿಲ್ಲ!

ಆ ಕಾಲದ ಪೆಟ್ಟಿಗೆಗಳಲ್ಲಿ ಒಂದು ಜಾಣತನ ಇತ್ತು. ಯಾರೂ ನಾಣ್ಯ ಹಾಕದೆ ಇದ್ದಾಗ ಪೆಟ್ಟಿಗೆ ತಾನೇ ಆಟ ಆಡಿ ತೋರಿಸುತ್ತಿತ್ತು. 1980ರಲ್ಲಿ ಜಪಾನಿನ ನಾಮ್ಕೋ ಕಂಪನಿಯ 'ಪ್ಯಾಕ್-ಮ್ಯಾನ್' ಬಂತು. ಅದನ್ನು ಕಲ್ಪಿಸಿದವರು ತೋರು ಇವಾತಾನಿ. ಬಾಯಿ ತೆರೆದುಕೊಂಡು ಚುಕ್ಕೆ ನುಂಗುತ್ತ ಓಡುವ ಹಳದಿ ಗುಂಡು ಒಂದು, ಅದನ್ನು ಅಟ್ಟಿಸಿಕೊಂಡು ಬರುವ ನಾಲ್ಕು ದೆವ್ವಗಳು. ನಾಣ್ಯ ಬೀಳುವ ಮೊದಲೇ ಆ ಪೆಟ್ಟಿಗೆ ನಾಲ್ಕೂ ದೆವ್ವಗಳ ಹೆಸರು ತೋರಿಸಿ, ಆಮೇಲೆ ಆಟ ಹೆಂಗ ನಡೀತದ ಅಂತ ತೋರಿಸುತ್ತಿತ್ತು. ನಮ್ಮಲ್ಲಿ ಆಟದ ದಿವಸ ಕತ್ತಲಾಗುವ ಹೊತ್ತಿಗೆ ಡೊಳ್ಳು ಬಡಿದು ಊರು ಕರೆಯುತ್ತೇವಲ್ಲ, ಅದೇ ಕೆಲಸ. ಹಿಂದೆ ನಿಂತವರು ಆಡುವವನನ್ನು ನೋಡಿಯೇ ಕಲಿಯುತ್ತಿದ್ದರು. ಒಂದು ಆಟಕ್ಕೆ 25 ಸೆಂಟಿನ ಒಂದು ನಾಣ್ಯ. ಚೊಲೋ ಇಲ್ಲದಿದ್ದರೆ ಹೋದದ್ದು ಅದೊಂದೇ ನಾಣ್ಯ.

ಆಟ ಮನೆಗೆ ಬಂದ ಮೇಲೆ ಈ ರೀತಿ ಬದಲಾಯಿತು. ಟಿವಿಗೆ ಹಚ್ಚುವ ಯಂತ್ರ ಬಂತು, ಅದಕ್ಕೆ ಸಿಕ್ಕಿಸುವ ಕಾರ್ಟ್ರಿಜ್ಜು, ಅಂದರೆ ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿ, ಬಂತು. ಒಂದು ಡಬ್ಬಿಗೆ ಹತ್ತಾರು ಡಾಲರ್. ಅಂಗಡಿಯಲ್ಲಿ ಡಬ್ಬಿಯ ಮೇಲೆ ಬಣ್ಣದ ಚಿತ್ರ ಇರುತ್ತಿತ್ತು. ಒಳಗಿನ ಆಟ ಹೆಂಗಿದೆ ಅಂತ ಹೊರಗಿನಿಂದ ತಿಳಿಯುತ್ತಿರಲಿಲ್ಲ. 1982ರಲ್ಲಿ ಅಟಾರಿಯವರು 'ಇ.ಟಿ.' ಎಂಬ ಹೆಸರಾಂತ ಸಿನಿಮಾದ ಹೆಸರಿನಲ್ಲಿ ಒಂದು ಆಟ ತಂದರು. ಕ್ರಿಸ್‌ಮಸ್ ಹಬ್ಬದ ಮಾರಾಟಕ್ಕೆ ಮುಟ್ಟಬೇಕು ಅಂತ ಹೊವರ್ಡ್ ವಾರ್ಶಾ ಎಂಬವರಿಗೆ ಐದು ವಾರದಷ್ಟೇ ಸಮಯ ಕೊಟ್ಟಿದ್ದರು. ಸಿನಿಮಾದ ಹೆಸರು ನೋಡಿ ಮಂದಿ ಕೊಂಡರು, ಮನೆಗೆ ಹೋಗಿ ಆಡಿ ಬೇಸರಪಟ್ಟರು. ಮಾರಾಟವಾಗದೆ ಉಳಿದ ಡಬ್ಬಿಗಳನ್ನು ಬೇರೆ ಸಾಮಾನಿನ ಜೊತೆ 1983ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಅಲಮಗೋರ್ಡೋ ಊರಿನ ಕಸದ ಕುಣಿಯಲ್ಲಿ ಹೂತರು. 2014ರಲ್ಲಿ ಆ ಕುಣಿ ಅಗೆದಾಗ 1300ರಷ್ಟು ಡಬ್ಬಿ ಮೇಲೆ ಬಂದವು. ಅದೇ 1983ರಲ್ಲಿ ಅಮೆರಿಕದ ಆಟದ ಪೇಟೆ ಪೂರ್ತಿ ಕುಸಿದು ಬಿತ್ತು. ಅದಕ್ಕೆ ಇದೊಂದೇ ಆಟ ಕಾರಣ ಅಲ್ಲ. ಆದರೆ ರುಚಿ ನೋಡದೆ ಕೊಂಡು ಮೋಸ ಹೋದ ಗಿರಾಕಿ ಮತ್ತೆ ಆ ಅಂಗಡಿ ಮೆಟ್ಟಲು ಹತ್ತೂದಿಲ್ಲ, ಅದು ಒಂದು ಕಾರಣ ಖರೆ.

ಪೇಟೆಯನ್ನು ಮತ್ತೆ ಎಬ್ಬಿಸಿದವರು ಜಪಾನಿನ ನಿಂಟೆಂಡೋ ಕಂಪನಿಯವರು. 1983ರಲ್ಲಿ ಜಪಾನಿನಲ್ಲಿ, 1985ರಲ್ಲಿ ಅಮೆರಿಕದಲ್ಲಿ ತಮ್ಮ ಯಂತ್ರ ತಂದರು. ಮೀಸೆಯ ಮಾರಿಯೋ ಜಿಗಿದು ಓಡುವ 'ಸೂಪರ್ ಮಾರಿಯೋ ಬ್ರದರ್ಸ್' ಆಟವೂ 1985ರದ್ದೇ. ಇದನ್ನು ನಮ್ಮ ಕಡೆಯ ಹುಡುಗರೂ ಬಲ್ಲರು. ಟಿವಿಗೆ ಹಚ್ಚುವ ನಕಲಿ ಯಂತ್ರಗಳು ನಮ್ಮ ದೇಶದ ಪೇಟೆಗೂ ಬಂದಿದ್ದವು, ಡಬ್ಬಿಯ ಮೇಲೆ ಸಾವಿರಾರು ಆಟ ಅಂತ ಬರೆದಿರುತ್ತಿತ್ತು, ತಿರುಗಿಸಿ ಮುರುಗಿಸಿ ನೋಡಿದರೆ ಅವೇ ಐದಾರು ಆಟ. ಅಮೆರಿಕದ ಅಂಗಡಿಗಳಿಗೆ ನಿಂಟೆಂಡೋದವರು ಹನ್ನೆರಡು ಆಟ ಹಿಡಿಯುವ ಒಂದು ತೋರಿಕೆಯ ಪೆಟ್ಟಿಗೆ ಕೊಟ್ಟಿದ್ದರು. ಗುಂಡಿ ಒತ್ತಿ ಆಟ ಆರಿಸಿಕೊಂಡು ಆಡಬಹುದಿತ್ತು, ಗೊತ್ತು ಮಾಡಿದ ಸಮಯ ಮುಗಿದರೆ ಆಟ ನಿಲ್ಲುತ್ತಿತ್ತು. ಆದರೆ ಆ ಪೆಟ್ಟಿಗೆ ಇದ್ದ ಅಂಗಡಿಗೆ ಹೋದವರಿಗಷ್ಟೇ ಆ ಭಾಗ್ಯ.

ಈಗ ಈ ಕಥೆಯ ಮುಖ್ಯ ನುಡಿಗೆ ಬರುತ್ತೇನೆ. ಅದು ಕಂಪ್ಯೂಟರಿನ ಕಡೆಯಿಂದ ಬಂತು. 1982ರಲ್ಲಿ ಅಮೆರಿಕದ ಆಂಡ್ರೂ ಫ್ಲೂಗಲ್‌ಮನ್ ಎಂಬವರು ಫೋನ್ ತಂತಿಯ ಮೂಲಕ ಕಂಪ್ಯೂಟರುಗಳು ಮಾತಾಡುವ ಒಂದು ಪ್ರೋಗ್ರಾಮ್ ಬರೆದರು, ಜಿಮ್ ನಾಫ್ ಎಂಬವರು ಹೆಸರು ವಿಳಾಸಗಳ ಪಟ್ಟಿ ಇಡುವ ಪ್ರೋಗ್ರಾಮ್ ಬರೆದರು. ಇಬ್ಬರೂ ಬೇರೆ ಬೇರೆಯಾಗಿ ಒಂದೇ ವಿಚಾರ ಮಾಡಿದರು: ಇದನ್ನು ನಕಲು ಮಾಡಿ ಎಲ್ಲರಿಗೂ ಕೊಡ್ರಿ, ಉಪಯೋಗಕ್ಕೆ ಬಂದರೆ ನಮಗೆ ಇಷ್ಟು ರೊಕ್ಕ ಕಳಿಸಿರಿ. ಅವರ ಹಿಂದೆಯೇ ಬಾಬ್ ವಾಲೇಸ್ ಎಂಬವರು ಬರೆಯುವ ಪ್ರೋಗ್ರಾಮ್ ಮಾಡಿ ಹಾಗೆಯೇ ಹಂಚಿದರು, ಬೇರೆಯವರಿಗೆ ನಕಲು ಕೊಟ್ಟು ಗಿರಾಕಿ ಮಾಡಿಸಿದವರಿಗೂ ಅದರಲ್ಲಿ ಪಾಲು ಇಟ್ಟರು. ಈ ರೀತಿಗೆ 'ಶೇರ್‌ವೇರ್' ಅಂತ ಹೆಸರು ನಿಂತಿತು, ಅಂದರೆ ಹಂಚಿಕೊಳ್ಳುವ ಸಾಮಾನು. ಸಾಮಾನು ಫ್ಲಾಪಿಯಲ್ಲಿ, ಅಂಗೈ ಅಗಲದ ಚಪ್ಪಟೆ ಬಿಲ್ಲೆಯಲ್ಲಿ, ಕೈಯಿಂದ ಕೈಗೆ ಹೋಗುತ್ತಿತ್ತು.

ಟೆಕ್ಸಾಸ್ ರಾಜ್ಯದ ಸ್ಕಾಟ್ ಮಿಲ್ಲರ್ ಎಂಬ ತರುಣ ತನ್ನ ಆಟಗಳನ್ನು ಹೀಗೆಯೇ ಪೂರ್ತಿ ಹಂಚಿ, ಮೆಚ್ಚಿದರೆ ರೊಕ್ಕ ಕಳಿಸಿರಿ ಅಂತ ಬರೆದ. ಮಂದಿ ಆಡಿದರು, ರೊಕ್ಕ ಕಳಿಸಿದವರು ಕಡಿಮೆ. ಡೊಳ್ಳಿನ ಪದ ಹಾಡುವವರಿಗೆ ಇದು ಗೊತ್ತಿದ್ದದ್ದೇ. ಕಥೆ ಪೂರ್ತಿ ಮುಗಿದ ಮೇಲೆ ಟವೆಲ್ ಹಾಸಿದರೆ ಮಂದಿ ಚಾಪೆ ಝಾಡಿಸಿಕೊಂಡು ಮನೆ ದಾರಿ ಹಿಡಿದಿರುತ್ತಾರೆ. ಕಥೆ ಒಂದು ಗಂಟಿಗೆ ಬಂದು ನಿಂತಾಗ, ಮುಂದೇನಾತು ಅಂತ ಎಲ್ಲರೂ ಬಾಯಿ ತೆರೆದು ಕೂತಾಗ ಆಯೇರಿ ಕೇಳಬೇಕು. ಮಿಲ್ಲರ್‌ಗೂ ಇದು ಹೊಳೆಯಿತು. 1987ರಲ್ಲಿ 'ಕ್ರಾಜ್' ಎಂಬ ಆಟವನ್ನು ಮೂರು ಭಾಗ ಮಾಡಿದ. ಮೊದಲ ಭಾಗ ಪೂರ್ತಿ ಪುಕ್ಕಟೆ, ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು. ಉಳಿದ ಎರಡು ಬೇಕಾದರೆ ರೊಕ್ಕ ಕಳಿಸಬೇಕು. ಈ ಸಲ ರೊಕ್ಕ ಬಂತು. ಅಪೋಜಿ ಎಂಬ ಅವನ ಕಂಪನಿ ಆ ರೀತಿಯ ಮೇಲೆಯೇ ನಿಂತಿತು.

ಇಲ್ಲಿ ಒಂದು ಮಾತು ಗಮನದಲ್ಲಿ ಇಡಬೇಕು. ಮಿಲ್ಲರ್ ಕೊಟ್ಟದ್ದು ಅರ್ಧಮರ್ಧ ತುಂಡಲ್ಲ. ಮೊದಲ ಭಾಗ ತಾನೇ ಒಂದು ಪೂರ್ತಿ ಆಟ, ಅದಕ್ಕೆ ಮೊದಲಿತ್ತು, ಕಡೆ ಇತ್ತು. ಅದನ್ನು ಆಡಿ ಮುಗಿಸಿ ಸುಮ್ಮನೆ ಕೂತವನೂ ಮೋಸ ಹೋಗಲಿಲ್ಲ. ಮುಂದೆ ಬೇಕು ಅನಿಸಿದವನು ರೊಕ್ಕ ಕೊಟ್ಟ.

ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್ ಊರಿನಲ್ಲಿ ಒಂದು ಕಂಪನಿಯಲ್ಲಿ ದುಡಿಯುತ್ತಿದ್ದ ಹುಡುಗರ ಒಂದು ಗುಂಪನ್ನು ಮಿಲ್ಲರ್ ಹುಡುಕಿ ಹಿಡಿದ. ಜಾನ್ ಕಾರ್ಮ್ಯಾಕ್, ಜಾನ್ ರೊಮೆರೊ ಮತ್ತು ಅವರ ಗೆಳೆಯರು. ಎಂಟು ವರ್ಷದ ಹುಡುಗನೊಬ್ಬ ತಲೆಗೆ ಆಟದ ಶಿರಸ್ತ್ರಾಣ ಹಾಕಿಕೊಂಡು ಬೇರೆ ಗ್ರಹಕ್ಕೆ ಹೋಗುವ 'ಕಮಾಂಡರ್ ಕೀನ್' ಎಂಬ ಆಟ ಮಾಡಿದರು. 1990ರ ಡಿಸೆಂಬರಿನಲ್ಲಿ ಅದರ ಮೊದಲ ಭಾಗ ಪುಕ್ಕಟೆ ಹೊರಬಿತ್ತು. ಬಂದ ಆದಾಯ ನೋಡಿ ಮರುವರ್ಷ ಅವರು ಇಡ್ ಸಾಫ್ಟ್‌ವೇರ್ ಎಂಬ ಸ್ವಂತ ಕಂಪನಿ ಕಟ್ಟಿದರು. 1992ರಲ್ಲಿ 'ವುಲ್ಫೆನ್‌ಸ್ಟೈನ್ 3ಡಿ' ಬಂತು, ಅದೂ ಮೊದಲ ಭಾಗ ಪುಕ್ಕಟೆ.

ಆಮೇಲೆ ಬಂದದ್ದು 'ಡೂಮ್'. 1993ರ ಡಿಸೆಂಬರ್ 10. ಇದರಲ್ಲಿ ಮೂರು ಭಾಗ, ಒಂದೊಂದು ಭಾಗಕ್ಕೆ ಒಂಬತ್ತು ಮನೆ, ಒಟ್ಟು 27. ಮೊದಲ ಒಂಬತ್ತು ಮನೆ ಎಲ್ಲರಿಗೂ ಪುಕ್ಕಟೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಅದನ್ನು ಏರಿಸುವುದು ಅಂತ ಗೊತ್ತಾಗಿತ್ತು. ಸುದ್ದಿ ತಿಳಿದ ಮಂದಿ ಮೊದಲೇ ಅಲ್ಲಿ ಎಷ್ಟು ತುಂಬಿಕೊಂಡರು ಅಂದರೆ ಆಟ ಏರಿಸಬೇಕಾದವರಿಗೇ ಒಳಗೆ ಹೋಗಲಿಕ್ಕೆ ಜಾಗ ಸಿಗಲಿಲ್ಲ! ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ಮಂದಿ ನೂಕಿ ಪೂಜಾರಿಯೇ ಬಾಗಿಲ ಹೊರಗೆ ಉಳಿದ ಹಾಗಾಯಿತು. ಕಡೆಗೆ ಹೇಗೋ ಏರಿಸಿದರು, ಅಲ್ಲಿಂದ ಅದು ಜಗತ್ತಿಗೆ ಹರಡಿತು. ಫ್ಲಾಪಿಗೆ ಹಾಕಿಕೊಂಡು ಗೆಳೆಯ ಗೆಳೆಯನಿಗೆ ಕೊಟ್ಟ. ಆ ಪುಕ್ಕಟೆ ಭಾಗವನ್ನು ಅಂಗಡಿಯವರು ತಾವೇ ಫ್ಲಾಪಿಗೆ ತುಂಬಿ ಮಾರಿ ಲಾಭ ಇಟ್ಟುಕೊಂಡರೂ ನಡೆದೀತು ಅಂತ ಇಡ್ ಕಂಪನಿಯವರು ಬಿಟ್ಟುಕೊಟ್ಟರು. ಯಾಕಂದರೆ ಹರಡಿದಷ್ಟೂ ಉಳಿದ ಎರಡು ಭಾಗಕ್ಕೆ ಗಿರಾಕಿ ಹೆಚ್ಚು.

ಅತ್ತ ಸಿ.ಡಿ. ಬಂದ ಮೇಲೆ ಆಟದ ಪತ್ರಿಕೆಗಳ ಜೊತೆ ಡೆಮೊ ತುಂಬಿದ ಸಿ.ಡಿ. ಅಂಟಿಸಿ ಕೊಡುವ ರೂಢಿ ಬೆಳೆಯಿತು. ಒಂದು ಸಿ.ಡಿ.ಯಲ್ಲಿ ಹಲವು ಆಟದ ಒಂದೊಂದು ತುತ್ತು. ಪೂರ್ತಿ ಆಟ ಕೊಳ್ಳಲಾಗದ ಹುಡುಗರು ಆ ತುತ್ತುಗಳನ್ನೇ ವರ್ಷಗಟ್ಟಲೆ ಆಡಿದರು.

ಮುಂದಿನದು ಡಿಜಿಟಲ್ ಅಂಗಡಿಯ ಕಾಲ. ಗೋಡೆ ಇಲ್ಲ, ಕಪಾಟಿಲ್ಲ. ಮನೆಯ ಯಂತ್ರದಲ್ಲಿಯೇ ಅಂಗಡಿ ತೆರೆಯುತ್ತದೆ, ರೊಕ್ಕ ಕಟ್ಟಿದರೆ ಆಟ ತಂತಿಯ ಮೇಲೆ ಇಳಿದು ಬರುತ್ತದೆ. ಈ ಅಂಗಡಿಗಳು ಬಂದಾಗ ಹಳೆಯ ಆಟಗಳಿಗೆ ಮರುಜನ್ಮ ಬಂತು. ಆದರೆ ರುಚಿ ತೋರಿಸುವ ವಿಷಯದಲ್ಲಿ ಎರಡು ಅಂಗಡಿ ಎರಡು ದಾರಿ ಹಿಡಿದವು.

ಮೈಕ್ರೋಸಾಫ್ಟ್ ಕಂಪನಿಯು 2005ರ ಕಡೆಗೆ ಎಕ್ಸ್‌ಬಾಕ್ಸ್ 360 ಯಂತ್ರ ತಂದಾಗ ಅದರೊಳಗಿನ ಆರ್ಕೇಡ್ ಅಂಗಡಿಗೆ ಒಂದು ಕಟ್ಟುನಿಟ್ಟು ಹಾಕಿತು: ಇಲ್ಲಿ ಮಾರುವ ಪ್ರತಿ ಆಟಕ್ಕೂ ಪುಕ್ಕಟೆ ಡೆಮೊ ಇರಲೇಬೇಕು. 2006ರಲ್ಲಿ ಪ್ಯಾಕ್-ಮ್ಯಾನ್, ಗ್ಯಾಲಗಾದಂಥ ಹಳೆಯ ಪೆಟ್ಟಿಗೆ ಆಟಗಳು ಆ ಅಂಗಡಿಗೆ ಬಂದವು. ಅದೇ ವರ್ಷ ಡೂಮ್ ಕೂಡ ಬಂತು. ಇಳಿಸಿಕೊಂಡದ್ದು ಪೂರ್ತಿ ಆಟವೇ, ಆದರೆ ಒಳಗೆ ಒಂದು ಕೀಲಿ. ಸ್ವಲ್ಪ ಆಡು, ಮೆಚ್ಚಿದರೆ ರೊಕ್ಕ ಕಟ್ಟು, ಕೀಲಿ ತೆಗೆಯುತ್ತದೆ. ಮೆಚ್ಚದಿದ್ದರೆ ಅಳಿಸಿ ಹಾಕು. ಹೆಸರು ಕೇಳದ ಆಟವನ್ನೂ ಮಂದಿ ಹೀಗೆ ಮುಟ್ಟಿ ನೋಡುವಂತಾಯಿತು.

2006ರ ನವೆಂಬರಿನಲ್ಲಿ ನಿಂಟೆಂಡೋದವರು ವೀ ಎಂಬ ಯಂತ್ರ ತಂದರು. ಅದರೊಳಗೆ 'ವರ್ಚುವಲ್ ಕನ್ಸೋಲ್' ಅಂತ ಹಳೆಯ ಆಟಗಳ ಅಂಗಡಿ. ಎಂಬತ್ತರ ದಶಕದ ಮೊದಲ ಯಂತ್ರದ ಆಟಕ್ಕೆ 5 ಡಾಲರ್, ಅದರ ಮುಂದಿನ ಯಂತ್ರದ ಆಟಕ್ಕೆ 8, ನಿಂಟೆಂಡೋ 64ರ ಆಟಕ್ಕೆ 10, ಅಂದಾಜು ಹೀಗಿತ್ತು ದರ. ಕೊಳ್ಳುವ ಮೊದಲು ಕಾಣುತ್ತಿದ್ದದ್ದು ಒಂದೆರಡು ಚಿತ್ರ, ನಾಲ್ಕು ಸಾಲು ಬರಹ. ಡೆಮೊ ಇರಲಿಲ್ಲ. ಚಿಕ್ಕಂದಿನಲ್ಲಿ ಆಡಿದವನಿಗೆ ಚಿಂತೆ ಇಲ್ಲ, ಅವನು ನೆನಪಿಗೆ ರೊಕ್ಕ ಕೊಡುತ್ತಾನೆ. ಆದರೆ ಆ ಆಟ ಬಂದಾಗ ಹುಟ್ಟಿಯೇ ಇರದ ಹುಡುಗ ಏನು ನೋಡಿ ಕೊಳ್ಳಬೇಕು? ಹಳೆಯ ಆಟಕ್ಕೆ ಹೊಸ ಗಿರಾಕಿ ಬರಬೇಕಾದರೆ ರುಚಿ ತೋರಿಸಲೇಬೇಕಿತ್ತು.

ಇದಕ್ಕೆ ಖರ್ಚಾದರೂ ಎಷ್ಟು ಅಂತ ನೋಡ್ರಿ. ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಆಟದ ಗಾತ್ರ 40 ಕಿಲೋಬೈಟ್. ನಮ್ಮ ಮಂದಿ ಬೆಳಗಾದರೆ ವಾಟ್ಸ್‌ಆಪಿನಲ್ಲಿ ಕಳಿಸುವ ಶುಭೋದಯದ ಹೂವಿನ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಹೊಸ ದೊಡ್ಡ ಆಟಕ್ಕೆ ಡೆಮೊ ಮಾಡಬೇಕಾದರೆ ದುಡಿಯುವವರನ್ನು ವಾರಗಟ್ಟಲೆ ಅದಕ್ಕೇ ಹಚ್ಚಬೇಕಾಗುತ್ತದೆ, ಆ ಮಾತು ಒಪ್ಪತೀನಿ. ಹಳೆಯ ಆಟ ಮಾಡಿ ಮುಗಿದದ್ದು, ಅದರ ಬಂಡವಾಳ ಯಾವಾಗಲೋ ಹುಟ್ಟಿದ್ದು. ಅದಕ್ಕೆ ಒಂದು ಕೀಲಿ ಹಚ್ಚಿದರೆ ಸಾಕಿತ್ತು.

ನಿಂಟೆಂಡೋದವರಿಗೆ ಈ ವಿಚಾರ ಬರಲಿಲ್ಲ ಅಂತಲ್ಲ. 2008ರಲ್ಲಿ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್' ಎಂಬ ಹೊಸ ಆಟ ಬಂತು. ಮಸಾಹಿರೋ ಸಾಕುರಾಯಿ ಅದರ ನಿರ್ದೇಶಕರು. ಕಂಪನಿಯ ಎಲ್ಲ ಹಳೆಯ ವೀರರೂ ಒಂದೇ ಅಖಾಡದಲ್ಲಿ ಕುಸ್ತಿ ಹಿಡಿಯುವ ಆಟ ಅದು. ಅದರೊಳಗೆ ಒಂದು ಕೋಣೆ ಇಟ್ಟು, ಆ ವೀರರ ಮೂಲ ಆಟಗಳನ್ನು ಸ್ವಲ್ಪ ಹೊತ್ತು ಆಡಿ ನೋಡಲಿಕ್ಕೆ ಬಿಟ್ಟರು. ಸಮಯ ಮುಗಿದರೆ ತಾನೇ ನಿಲ್ಲುತ್ತದೆ, ಪೂರ್ತಿ ಬೇಕಾದರೆ ಅಂಗಡಿಗೆ ಹೋಗು. ವಿಚಾರ ಚೊಲೋ, ಅಳತೆ ಸಣ್ಣದು. ಮಾರಿಯೋ ಹೆಂಗ ಜಿಗೀತಾನ ಅಂತ ತಿಳಿಯಲಿಕ್ಕೆ ಒಂದು ನಿಮಿಷ ಸಾಕು. ಆದರೆ ಆ ಕೋಣೆಯಲ್ಲಿ 1986ರ 'ಲೆಜೆಂಡ್ ಆಫ್ ಝೆಲ್ಡಾ' ಕೂಡ ಇತ್ತು. ಅದು ಗವಿ ಹುಡುಕಿ, ದಾರಿ ತಪ್ಪಿ, ಮತ್ತೆ ದಾರಿ ಹಿಡಿದು ದಿನಗಟ್ಟಲೆ ಆಡುವ ಆಟ. ಇವತ್ತು ಎಲ್ಲಿಗೆ ನಿಂತೆವು ಅನ್ನೂದನ್ನ ನೆನಪಿಡಲಿಕ್ಕೆ ಅಮೆರಿಕದಲ್ಲಿ ಆ ಆಟದ ಡಬ್ಬಿಯೊಳಗೇ ಬ್ಯಾಟರಿ ಕೂಡಿಸಿದ್ದರು. ಅಂಥದ್ದನ್ನು ಕೆಲವು ನಿಮಿಷದಲ್ಲಿ ಏನು ನೋಡ್ತೀರಿ? ಪಲ್ಲವಿ ಹಾಡಿ, ನುಡಿಗೆ ಬಾಯಿ ತೆರೆಯೂದರೊಳಗೆ ಡೊಳ್ಳು ಕಸಿದುಕೊಂಡ ಹಾಗಾಯಿತು. ಒಂದೊಂದು ಆಟಕ್ಕೆ ಒಂದೊಂದು ಅಳತೆಯ ತುತ್ತು ಬೇಕು. ಮಿಲ್ಲರ್‌ಗೂ ಡೂಮ್ ಮಾಡಿದವರಿಗೂ ಆ ಅಳತೆ ಗೊತ್ತಿತ್ತು, ಗಡಿಯಾರಕ್ಕೆ ಗೊತ್ತಿರೂದಿಲ್ಲ.

ಕಂಪನಿಗಳ ಕಡೆಯ ವಾದವನ್ನೂ ಹೇಳಬೇಕು. 2013ರಲ್ಲಿ ಜೆಸ್ಸಿ ಶೆಲ್ ಎಂಬ ಆಟ ಕಟ್ಟುವ ಮತ್ತು ಅದನ್ನೇ ಕಲಿಸುವ ಅಮೆರಿಕದ ಪ್ರಾಧ್ಯಾಪಕರು ಒಂದು ಭಾಷಣ ಮಾಡಿದರು. ಎಕ್ಸ್‌ಬಾಕ್ಸ್ 360ರ ಮಾರಾಟದ ಲೆಕ್ಕ ಇಟ್ಟು, ಜಾಹೀರಾತಿನ ಚಿತ್ರ ತೋರಿಸಿ ಡೆಮೊ ಕೊಡದ ಆಟಗಳೇ ಹೆಚ್ಚು ಮಾರಾಟವಾಗಿವೆ ಅಂತ ತೋರಿಸಿದರು. ರುಚಿ ನೋಡಿದ ಮೇಲೆ ಹಲವರಿಗೆ ಅಷ್ಟಕ್ಕೇ ಹೊಟ್ಟೆ ತುಂಬುತ್ತದೆ, ಆಸೆ ಉಳಿಯೂದಿಲ್ಲ. ವ್ಯಾಪಾರದ ಕಣ್ಣಿಂದ ಈ ಮಾತಿನಲ್ಲಿ ಹುರುಳಿದೆ. ಆದರೆ ತಿರುಗಿಸಿ ನೋಡಿದರೆ ಇದರ ಅರ್ಥ ಏನು? ರುಚಿ ನೋಡಿದ್ದರೆ ಕೊಳ್ಳದೆ ಇರುತ್ತಿದ್ದವನಿಗೆ ರುಚಿ ತೋರಿಸದೆ ಮಾರಿದೆವು ಅಂತ. ಆ ಲಾಭ ಒಮ್ಮೆ ಬರುವಂಥದ್ದು. ಕಸದ ಕುಣಿಯಲ್ಲಿ ಹೂತ ಡಬ್ಬಿಗಳೂ ಮೊದಲು ಅಂಥ ಲಾಭದ ಆಸೆಯಿಂದಲೇ ತಯಾರಾದವು.

ಈಚೆಗೆ ಬೇರೆ ದಾರಿಗಳೂ ಬಂದಿವೆ. ಕಂಪ್ಯೂಟರ್ ಆಟದ ದೊಡ್ಡ ಅಂಗಡಿಯಾದ ಸ್ಟೀಮ್ 2015ರಿಂದ ಒಂದು ಸವಲತ್ತು ಕೊಟ್ಟಿದೆ. ಕೊಂಡ 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಆಟ ಮರಳಿಸಿ ರೊಕ್ಕ ತಗೋಬಹುದು. ಇದೂ ಒಂದು ನಮೂನೆಯ ರುಚಿಯೇ, ಆದರೆ ಮೊದಲು ರೊಕ್ಕ ಕೈಯಲ್ಲಿ ಇರಬೇಕು. ಸೋನಿಯವರು 2022ರಲ್ಲಿ ತಮ್ಮ ಚಂದಾ ಯೋಜನೆಯ ಮೇಲಿನ ಮೆಟ್ಟಲಿನಲ್ಲಿ ಹಳೆಯ ಆಟಗಳನ್ನೂ, ಸಮಯ ಕಟ್ಟಿದ ಡೆಮೊಗಳನ್ನೂ ಇಟ್ಟರು. ಅಂದರೆ ಚಂದಾ ತುಂಬಿದವನಿಗಷ್ಟೇ ರುಚಿ. ಬೇದಾಣೆ ಸವಾಲಿನಲ್ಲಿ ಮುಷ್ಟಿ ಎತ್ತಲಿಕ್ಕೂ ಪಾಸು ಮಾಡಿದರೆ ಹೆಂಗೋ ಹಂಗ.

ಇನ್ನು ನನ್ನ ಮನಸ್ಸಿಗೆ ಹೆಚ್ಚು ಚುಚ್ಚಿದ ಸಂಗತಿ. ಈ ಡಿಜಿಟಲ್ ಅಂಗಡಿಗಳಿಗೆ ಬಾಗಿಲು ಹಾಕುವ ದಿನ ಅಂತ ಒಂದು ಇರುತ್ತದೆ. ವೀ ಯಂತ್ರದ ಅಂಗಡಿಗೆ 2019ರ ಜನವರಿ 30ರಂದು ಬಾಗಿಲು ಬಿತ್ತು. ಆಮೇಲೆ ಬಂದ 3ಡಿಎಸ್ ಮತ್ತು ವೀ ಯು ಯಂತ್ರಗಳ ಅಂಗಡಿಗೆ 2023ರ ಮಾರ್ಚ್ 27ಕ್ಕೆ. ಅವತ್ತಿನಿಂದ ಅಲ್ಲಿ ಹೊಸದಾಗಿ ಕೊಳ್ಳುವುದು ಬಂದ್, ಪುಕ್ಕಟೆ ಡೆಮೊ ಇಳಿಸಿಕೊಳ್ಳುವುದೂ ಬಂದ್. ಅಂಗಡಿ ಮುಚ್ಚಿದರೆ ಅಂಗಳದಲ್ಲಿ ಹಂಚುವ ಪ್ರಸಾದವೂ ನಿಂತಿತು.

ಇನ್ನೊಂದು ಕೇಳ್ರಿ. 2014ರ ಆಗಸ್ಟಿನಲ್ಲಿ ಸೋನಿಯವರ ಅಂಗಡಿಯಲ್ಲಿ 'ಪಿ.ಟಿ.' ಎಂಬ ಪುಕ್ಕಟೆ ಡೆಮೊ ಬಂತು. ಒಂದು ಮನೆ, ಒಂದು ಓಣಿ, ಎಷ್ಟು ನಡೆದರೂ ಅದೇ ಓಣಿಗೆ ಬಂದು ನಿಲ್ಲುವ ಭಯದ ಆಟ. ಹಿದಿಯೋ ಕೊಜಿಮಾ ಎಂಬ ಹೆಸರಾಂತ ಆಟಗಾರಿಕೆಯ ನಿರ್ದೇಶಕರು ಮಾಡಿದ್ದು, ಮುಂದೆ ಬರಬೇಕಿದ್ದ ದೊಡ್ಡ ಆಟಕ್ಕೆ ಅದು ಮುನ್ನುಡಿ. ಆ ದೊಡ್ಡ ಆಟ ನಿಂತುಹೋಯಿತು. 2015ರ ಏಪ್ರಿಲ್ ಕಡೆಗೆ ಕೊನಾಮಿ ಕಂಪನಿಯವರು ಡೆಮೊವನ್ನೂ ಅಂಗಡಿಯಿಂದ ತೆಗೆದರು. ಅದು ಮೊದಲೇ ಇಳಿಸಿಕೊಂಡಿದ್ದ ಯಂತ್ರಗಳಲ್ಲಿ ಮಾತ್ರ ಉಳಿಯಿತು, ಅಂಥ ಯಂತ್ರಗಳನ್ನು ಮಂದಿ ಹೆಚ್ಚಿನ ಬೆಲೆಗೆ ಸವಾಲಿಗಿಟ್ಟರು. ಪುಕ್ಕಟೆ ಕೊಟ್ಟದ್ದೇ ಕಡೆಗೆ ತುಟ್ಟಿ ಸಾಮಾನಾಯಿತು.

2023ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆ ಒಂದು ಲೆಕ್ಕ ಹಾಕಿತು. 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಇವತ್ತು ಯಾವ ಅಂಗಡಿಯಲ್ಲೂ ಮಾರಾಟಕ್ಕೆ ಇಲ್ಲ. ನೂರು ಪದ ಕಟ್ಟಿದ ಊರಿನಲ್ಲಿ ಹದಿಮೂರು ಪದ ಉಳಿದ ಹಾಗೆ.

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮ ಮೇಳದ ಪದಗಳನ್ನು ಒಂದು ಕ್ಯಾಸೆಟ್ ಕಂಪನಿಯವರು ತುಂಬಿಸಿಕೊಂಡಿದ್ದರು. ಒಟ್ಟು ಎಂಟು ಪದ. ಇವನ್ನು ಜಾತ್ರೆಯಲ್ಲಿ ಪುಕ್ಕಟೆ ಹಾಡಬ್ಯಾಡ್ರಿ, ಕ್ಯಾಸೆಟ್ ಮಾರಾಟ ಆಗೂದಿಲ್ಲ ಅಂತ ಹೇಳಿದರು. ನಾವೂ ಮಾತಿಗೆ ಕಟ್ಟುಬಿದ್ದು ಹಾಡಲಿಲ್ಲ. ಕೆಲವು ವರ್ಷಕ್ಕೆ ಕಂಪನಿ ಮುಚ್ಚಿತು. ನನ್ನ ಹತ್ತಿರ ಇದ್ದ ಒಂದು ಕ್ಯಾಸೆಟ್ಟಿಗೆ ಬೂಸಲು ಹಿಡಿಯಿತು. ಆ ಎಂಟರಲ್ಲಿ ಐದು ಪದ ಇವತ್ತು ನನಗೇ ಪೂರ್ತಿ ಬರೂದಿಲ್ಲ, ಪದ ಕಟ್ಟಿದ ನಮ್ಮ ಗುರುಗಳೂ ಈಗ ಇಲ್ಲ. ಅದೇ ನಾವು ಊರೂರ ಜಾತ್ರೆಯಲ್ಲಿ ಹಾಡಿದ ಪದಗಳನ್ನು ಪಡಸಾಲೆಯಲ್ಲಿ ಕೂತು ಕೇಳಿದ ಹುಡುಗರು ಎತ್ತಿಕೊಂಡರು. ಮೊನ್ನೆ ಗಡಿಯಾಚೆ ವಿಜಯಪುರ ಕಡೆಯ ಒಂದು ಮೇಳ ನನ್ನ ಎದುರಿಗೇ ನಮ್ಮ ಗುರುಗಳ ಪದ ಹಾಡಿತು, ಒಂದು ಚಾಲನ್ನೂ ತಪ್ಪಲಿಲ್ಲ.

ಅದಕ್ಕೇ ಡೂಮ್ ಆಟದ ಕಥೆ ನನಗೆ ಹಿಡಿಸಿತು. ಮೊದಲ ಒಂಬತ್ತು ಮನೆಗಳನ್ನು ನಕಲು ಮಾಡ್ರಿ, ಹಂಚ್ರಿ ಅಂತ ಕೊಟ್ಟದ್ದರಿಂದ ಅದು ಸಾವಿರ ಮನೆಯ ಪೆಟ್ಟಿಗೆಯಲ್ಲಿ ಸೇರಿಕೊಂಡಿತು. ಒಂದು ಅಂಗಡಿ ಮುಚ್ಚಿದರೆ ಅದಕ್ಕೇನೂ ಆಗುವುದಿಲ್ಲ. 1997ರಲ್ಲಿ ಅದನ್ನು ಮಾಡಿದವರು ಆಟ ನಡೆಸುವ ಪ್ರೋಗ್ರಾಮಿನ ಬರಹವನ್ನೂ ಬಯಲಿಗಿಟ್ಟರು, ಹಾಗಾಗಿ ಹೊಸ ಹೊಸ ಯಂತ್ರಗಳಿಗೆ ಮಂದಿ ಅದನ್ನು ತಾವೇ ಹೊಂದಿಸಿಕೊಳ್ಳುತ್ತ ಬಂದಿದ್ದಾರೆ. ಕೈಗೆ ಕೊಟ್ಟ ತುತ್ತಿಗೂ, ಅಂಗಡಿಯ ಕಟ್ಟೆ ಮೇಲೆ ನಿಂತು ನೆಕ್ಕಿ ಬಾ ಅಂತ ತೋರಿಸಿದ ತುತ್ತಿಗೂ ಇರುವ ಅಂತರ ಇದು. ಎರಡೂ ಪುಕ್ಕಟೆ. ಒಂದು ಉಳಿಯಿತು, ಇನ್ನೊಂದು ಅಂಗಡಿಯ ಜೊತೆ ಹೋಯಿತು.

ಮಾಡಿದವನ ಹೊಟ್ಟೆಗೂ ಸಿಗಬೇಕು. ಆಯೇರಿ ಇಲ್ಲದೆ ಮೇಳ ನಡೆಯೂದಿಲ್ಲ, ಅದನ್ನು ನನಗಿಂತ ಚೊಲೋ ಬಲ್ಲವರು ಯಾರು? ಎಲ್ಲವನ್ನೂ ಪುಕ್ಕಟೆ ಕೊಡ್ರಿ ಅಂತ ನಾನು ಹೇಳುತ್ತಿಲ್ಲ. ಹಳೆಯ ಆಟ ಮಾರುವವರು ಅದರ ಒಂದು ನುಡಿಯನ್ನಾದರೂ ಗಡಿಯಾರ ಹಚ್ಚದೆ, ಪೂರ್ತಿಯಾಗಿ, ಗಿರಾಕಿಯ ಕೈಗೆ ಬಿಡಬೇಕು. ಅದರಿಂದ ಗಿರಾಕಿಗೆ ಮೋಸ ಆಗೂದಿಲ್ಲ. ನಾಳೆ ಅಂಗಡಿ ಮುಚ್ಚಿದರೂ ಆಟದ ಒಂದು ಭಾಗ ಮಂದಿ ಹತ್ತಿರ ಉಳಿದಿರುತ್ತದೆ.

ಮೊಮ್ಮಗನ ವಿಷಯ ಹೇಳೂದು ಉಳಿಯಿತು. ಅವನಿಗೆ ಬೇಕಿದ್ದ ಆಟಕ್ಕೆ ಡೆಮೊ ಇರಲಿಲ್ಲ. ಈ ಕಥೆಯೆಲ್ಲ ಕೇಳಿದ ಮೇಲೆ ಅವನೇ ಡೂಮ್‌ನ ಮೊದಲ ಭಾಗ ಹುಡುಕಿ ಇಳಿಸಿಕೊಂಡ, ಅದು ಇನ್ನೂ ಸಿಗುತ್ತದೆ. ಮೂವತ್ತು ವರ್ಷದ ಹಿಂದಿನ ಆಟ ನನ್ನ ಪಡಸಾಲೆಯಲ್ಲಿ ಕೂತು ಆಡಿದ. ಆ ರಕ್ಕಸರ ಗದ್ದಲ ನನಗೆ ಸೇರಲಿಲ್ಲ, ಎದ್ದು ದನ ಕಟ್ಟಲಿಕ್ಕೆ ಹೋದೆ. ಮೂರನೇ ದಿನ ಅವನು ಒಂಬತ್ತೂ ಮನೆ ಮುಗಿಸಿ, "ಮುತ್ಯಾ, ಇದರ ಉಳಿದ ಭಾಗ ತಗೋತೀನಿ" ಅಂದ. ಈ ಸಲ ನಾನು ಏನೂ ಕೇಳದೆ ರೊಕ್ಕ ಕೊಟ್ಟೆ.